ನಿಚ್ಚಣಿಕಿ ಅಂದ್ರೆ ಯಾವ ಕಡೆಯವರು?

ಕೆಲವರಿಗೆ ಸುಮ್ಮನೆ ರಸ್ತೆಯಲ್ಲಿ ನಡೆದು ಹೋಗುತ್ತಿದ್ದರೂ ಏನಾದರೊಂದು ಆಗುತ್ತದೆ. ನಮ್ಮ ಮನೆಯಲ್ಲಿ ಯಾರೂ ಎಲ್ಲಿಗೂ ನಡೆದು ಹೋಗಬೇಕಾಗಿಲ್ಲ. ಹೆಸರು ಹೇಳಿದರೆ ಸಾಕು, ಆಗಿಬಿಡುತ್ತದೆ.

ನಾನು ರಾಜಾಜಿನಗರದಲ್ಲಿ ಹುಟ್ಟಿ ಬೆಳೆದವಳು. ನಮ್ಮ ಕಡೆ ಮನೆತನದ ಹೆಸರು ಅನ್ನುವ ತಾಪತ್ರಯವೇ ಇಲ್ಲ. ಅಪ್ಪನ ಹೆಸರಿನ ಒಂದಕ್ಷರ, ಒಂದು ಚುಕ್ಕಿ, ಆಮೇಲೆ ನಮ್ಮ ಹೆಸರು, ಮುಗಿಯಿತು. ನಾನು ಮದುವೆಯಾದದ್ದು ಗದಗದ ಕಡೆಯವರನ್ನು. ಅವರಿಗೆ ಹೆಸರಿನ ಹಿಂದೆ ಇನ್ನೊಂದು ಹೆಸರಿರುತ್ತದೆ. ಅದಕ್ಕೆ ಅವರು ಅಡ್ಡಹೆಸರು ಅನ್ನುತ್ತಾರೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಂಗಡಿ ಅಂತೆಲ್ಲ ಕೇಳಿದ್ದೆ. ಇವರದು ನಿಚ್ಚಣಿಕಿ. ಅಂದರೆ ಏಣಿ.

ಹುಡುಗನ ಕಡೆಯವರು ಹೋದ ಮೇಲೆ ನಮ್ಮಜ್ಜಿ ನನ್ನನ್ನು ಒಳಗೆ ಕರೆದು ಕೇಳಿದ್ದರು: "ಹುಡುಗ ಒಳ್ಳೆಯವನು ಕಣೇ. ಆದ್ರೆ ದಿನಾ ನಿನ್ನನ್ನ ಏಣಿ ಅಂತ ಕರೆದ್ರೆ ಓ ಅಂತೀಯಾ?"

ಇಷ್ಟು ವರ್ಷ ಓ ಅಂದಿದ್ದೇನೆ. ಅದರ ಕೆಲವು ಪ್ರಸಂಗಗಳು ಇಲ್ಲಿವೆ.

ಬಾಡಿಗೆ ಮನೆ

ಮದುವೆಯಾದ ಹೊಸತು. ವಿಜಯನಗರದ ಪಕ್ಕ ಹೊಸಹಳ್ಳಿಯಲ್ಲಿ ಒಂದು ಮನೆ ಖಾಲಿಯಿದೆ ಅಂತ ಗೊತ್ತಾಗಿ ಹೋದೆವು. ಓನರು ಅಲ್ಲಿನ ಹಳೇ ಊರಿನವರು. ತಾತ ರಾಗಿ ಬೆಳೆದ ಜಾಗದಲ್ಲಿ ಮೂರು ಅಂತಸ್ತು ಎಬ್ಬಿಸಿ, ಕೆಳಗಿನ ಮನೆಯ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮನೆ ತೋರಿಸಿದರು, ಚೆನ್ನಾಗಿತ್ತು. ಆಮೇಲೆ ನಿಧಾನವಾಗಿ ವಿಚಾರಣೆ ಶುರುಮಾಡಿದರು.

"ಹೆಸರೇನಂದ್ರಿ?"

ನಮ್ಮನೆಯವರು ಹೇಳಿದರು.

"ನಿಚ್ಚಣಿಕಿ ಅಂದ್ರೆ ಯಾವ ಕಡೆಯವ್ರು?"

"ಗದಗದ ಕಡೆಯವರ‍್ರಿ."

"ಅದಲ್ಲ. ಯಾವ ಪೈಕಿ?"

"ಲಿಫ್ಟ್ ಕಂಪನಿ ಪೈಕಿರಿ. ಸರ್ವೀಸ್ ಡಿಪಾರ್ಟ್‌ಮೆಂಟು."

ಓನರಿಗೆ ಏನು ಬೇಕಿತ್ತು ಅಂತ ನನಗೆ ಗೊತ್ತಾಗಿತ್ತು. ನಮ್ಮನೆಯವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಓನರು ಬೇರೆ ದಾರಿ ಹಿಡಿದರು.

"ಮನೆದೇವ್ರು ಯಾವ್ದು?"

"ನಮ್ಮವ್ವ ಯಾವ ದೇವರ ಹಬ್ಬ ಬಂದ್ರೂ ಕಾಯಿ ಒಡೀತಾಳ‍್ರಿ. ಒಂದೂ ಬಿಟ್ಟಿಲ್ಲ."

"ಊಟ ಎಲ್ಲ ಹೆಂಗೆ?"

"ದಿನಾ ಮಾಡ್ತೀವ್ರಿ."

ಕೊನೆಗೆ ನನ್ನ ಕಡೆ ತಿರುಗಿ, "ನಿಮ್ಮದೇನಮ್ಮ?" ಅಂದರು. "ಎಸ್ ಅಂತ ಇನಿಷಿಯಲ್ಲು" ಅಂದೆ. ಪಾಪ, ಅವರು ಕುರ್ಚಿಯಿಂದ ಎದ್ದು ಒಳಗೆ ಹೋದರು. ಆಮೇಲೆ ಬೀಗದ ಕೈ ತೆಗೆದುಕೊಟ್ಟರು. ಎಷ್ಟು ಮನೆ ಸುತ್ತಿದ್ದೆವೋ, ಅವತ್ತು ಆ ಮನೆಯ ಬರಿ ನೆಲದ ಮೇಲೆ ಕಾಲು ಚಾಚಿ ಕೂತು ಇಬ್ಬರೂ ಉಸಿರು ಬಿಟ್ಟೆವು.

ನಮ್ಮ ಬಗ್ಗೆ ಓನರು ಏನು ತೀರ್ಮಾನ ಮಾಡಿದ್ದರು ಅನ್ನುವುದು ತಿಳಿದದ್ದು ಮುಂದೆ ಯುಗಾದಿಯ ಹೊತ್ತಿಗೆ. ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದರು, ನಾನು ಮೇಲೆ ಬಟ್ಟೆ ಒಣಗಿಸುತ್ತಿದ್ದೆ, ಕೇಳಿಸಿತು.

"ಏನು ಜನ ಅಂತ ನಂಗೂ ಗೊತ್ತಾಗ್ನಿಲ್ಲ ಕಣಪ್ಪ. ಆದ್ರೆ ಬೋ ಮೇಲಿನವ್ರೇ ಇರ್ಬೇಕು. ಹತ್ತಿ ಇಳಿಯಕ್ಕೆ ಹೆಸರಲ್ಲೇ ಏಣಿ ಮಡಿಕಂಡವ್ರೆ."

ಬೆಂಗಳೂರಿಗೆ ಸ್ವಾಗತ

ಮಗಳನ್ನು ಬಸವೇಶ್ವರನಗರದ ಒಂದು ಶಾಲೆಗೆ ಸೇರಿಸಿದಾಗ ಅರ್ಜಿಯನ್ನು ಇಂಗ್ಲಿಷಿನಲ್ಲಿ ತುಂಬಬೇಕಿತ್ತು. ನಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಓದಿ ನೋಡಿ. ಅದು ಗದಗ ಬಿಟ್ಟು ಸೀದಾ ಜಪಾನಿಗೆ ಹೋಗುತ್ತದೆ. ಬ್ಯಾಂಕಿನಿಂದ ಫೋನ್ ಮಾಡುವವರು, ಗ್ಯಾಸ್ ಬುಕ್ ಮಾಡಿಕೊಳ್ಳುವವರು ಎಲ್ಲರೂ "ಮಿಸೆಸ್ ನಿಚಾನಿಕಿ?" ಅಂತ ಒಂದು ಥರ ಭಯಭಕ್ತಿಯಿಂದ ಕೇಳುತ್ತಾರೆ. ಅದಕ್ಕೆ ನಾನು ಹೊಂದಿಕೊಂಡಿದ್ದೆ.

ಬಂದು ಕಾಣಿರಿ ಅಂತ ಶಾಲೆಯಿಂದ ಹೇಳಿ ಕಳಿಸಿದರು. ಸೀಟು ಸಿಗುವುದಿಲ್ಲವೇನೋ ಅಂತ ಇದ್ದಬದ್ದ ಕಾಗದಪತ್ರಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡೆ. ಹೋದರೆ ಅಲ್ಲಿನ ಮೇಡಂ ಎದ್ದು ನಿಂತು, ಸೊಂಟ ಸ್ವಲ್ಪ ಬಗ್ಗಿಸಿ ನಮಸ್ಕಾರ ಮಾಡಿದರು. ನಾನೂ ಬಗ್ಗಿದೆ. ಇಬ್ಬರೂ ಇನ್ನೊಂದು ಸಲ ಬಗ್ಗಿದೆವು.

"ವೆಲ್‌ಕಮ್ ಟು ಬೆಂಗಳೂರು," ಅಂದರು ಮೇಡಂ, ಒಂದೊಂದೇ ಪದ ಬಿಡಿಸಿ.

"ಥ್ಯಾಂಕ್ಯೂ," ಅಂದೆ. ಇನ್ನೇನು ಅನ್ನಬೇಕು ಗೊತ್ತಾಗಲಿಲ್ಲ.

"ಡು ಯು ಲೈಕ್ ಇಡ್ಲಿ?"

ಅವತ್ತು ಬೆಳಗ್ಗೆಯೇ ಒಂದು ಕುಕ್ಕರ್ ಇಡ್ಲಿ ಬೇಯಿಸಿಟ್ಟು ಬಂದಿದ್ದೆ. "ಎಸ್" ಅಂದೆ. ಅವರಿಗೆ ಬಹಳ ಸಂತೋಷವಾಯಿತು. ಆಮೇಲೆ ನಿಧಾನವಾಗಿ ವಿವರಿಸಿದರು. ನಿಮ್ಮ ಮಗುವಿಗೆ ಈ ಊರಿನ ಭಾಷೆ ಕಷ್ಟವಾಗಬಹುದು, ಹಾಗಾಗಿ ಈ ವರ್ಷ ಕನ್ನಡದ ಪೀರಿಯಡ್ಡಿನಲ್ಲಿ ಬಣ್ಣದ ಕಾಗದ ಕತ್ತರಿಸಲು ಕೂರಿಸುತ್ತೇವೆ, ನೀವು ಬೇಜಾರು ಮಾಡಿಕೊಳ್ಳಬಾರದು.

ಆಗ ನನಗೆ ಅರ್ಥವಾಯಿತು. "ಮೇಡಂ, ನಾನು ಇಲ್ಲೇ ರಾಜಾಜಿನಗರದವಳು. ನಮ್ಮ ಯಜಮಾನ್ರು ಗದಗದ ಕಡೆಯವರು. ನಮ್ಮನೇಲಿ ಕನ್ನಡ ಬಿಟ್ಟು ಬೇರೆ ಏನೂ ಸರಿಯಾಗಿ ಬರೋದಿಲ್ಲ" ಅಂದೆ.

ಅವರು ತಲೆಯ ಮೇಲೆ ಕೈಯಿಟ್ಟುಕೊಂಡು ನಕ್ಕರು. ನಾನೂ ನಕ್ಕೆ. ಸೀಟು ಗಟ್ಟಿಯಾಯಿತು, ಕನ್ನಡವೂ ಗಟ್ಟಿಯಾಯಿತು. ಮನೆಗೆ ನೆಮ್ಮದಿಯಾಗಿ ಬಂದೆ. ಆದರೆ ಮೇಡಂ ಈ ವಿಷಯವನ್ನು ಕ್ಲಾಸ್ ಟೀಚರಿಗೆ ಹೇಳುವುದು ಮರೆತಿದ್ದರು.

ಶಾಲೆ ಶುರುವಾದ ಮೊದಲನೇ ದಿನ ಮಗಳು ಕುಣಿದಾಡಿಕೊಂಡು ಬಂದಳು. "ಅಮ್ಮ, ನಾನು ಟೀಚರ್ ಹತ್ರ 'ಮಿಸ್, ನೀರು ಕುಡೀಬೇಕು' ಅಂದೆ. ಅದಕ್ಕೆ ಮಿಸ್ ಎಲ್ಲರ ಕೈಲೂ ಚಪ್ಪಾಳೆ ಹೊಡೆಸಿದ್ರು."

ನಿಚ್ಚಣಿಕಿ ಕಳಿಸ್ತೀವಿ

ನಮ್ಮನೆಯವರು ಲಿಫ್ಟ್ ರಿಪೇರಿಯ ಕೆಲಸಕ್ಕೆ ಸೇರಿದ್ದು ಹೆಸರು ನೋಡಿಕೊಂಡಲ್ಲ. ಸಿಕ್ಕಿದ್ದು ಅದೇ ಕೆಲಸ. ಆಫೀಸಿನಲ್ಲಿ ದೂರು ತೆಗೆದುಕೊಳ್ಳುವ ಹುಡುಗಿ ಕೆಂಗೇರಿಯವಳು. ನಿಚ್ಚಣಿಕಿ ಅನ್ನುವುದಕ್ಕೆ ಒಂದು ಅರ್ಥವಿದೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಅವಳ ಪಾಲಿಗೆ ಅದು ನಮ್ಮನೆಯವರ ಹೆಸರು, ಅಷ್ಟೇ.

ಒಂದು ದಿನ ಬಸವೇಶ್ವರನಗರದ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಿಂದ ಒಬ್ಬ ರಿಟೈರ್ಡ್ ಹೆಡ್‌ಮಾಸ್ತರು ಫೋನ್ ಮಾಡಿದರು. ಧಾರವಾಡದ ಕಡೆಯವರು. ಲಿಫ್ಟು ನಿಂತಿದೆ, ಹೆಂಡತಿಗೆ ಮಂಡಿ ನೋವು, ಮಧ್ಯಾಹ್ನ ನಂಟರ ಮನೆಯ ಸೀಮಂತಕ್ಕೆ ಹೋಗಲೇಬೇಕು. ಮುಂದಿನದು ಆ ಹುಡುಗಿಯೇ ಅಭಿನಯಿಸಿ ತೋರಿಸಿದ್ದು.

"ಡೋಂಟ್ ವರಿ ಸಾರ್. ಈಗಲೇ ನಿಚ್ಚಣಿಕಿ ಕಳಿಸ್ತೀವಿ."

"ನಿಚ್ಚಣಿಕಿ ಯಾಕವಾ? ಲಿಫ್ಟ್ ರಿಪೇರಿ ಮಾಡಸ್ರಿ."

"ಸಾರ್, ನಿಮ್ಮ ಏರಿಯಾಗೆ ಯಾವಾಗಲೂ ನಿಚ್ಚಣಿಕೀನೇ ಸಾರ್ ಕಳಿಸೋದು. ಇದುವರೆಗೂ ಕಂಪ್ಲೇಂಟ್ ಬಂದಿಲ್ಲ."

ಮಾಸ್ತರು ದನಿ ತಗ್ಗಿಸಿ ಕೇಳಿದರಂತೆ: "ನಾಲ್ಕನೇ ಮಹಡಿತನ ಮುಟ್ಟತದೇನು?"

"ಹತ್ತನೇ ಮಹಡಿಗೂ ಹೋಗ್ತಾರೆ ಸಾರ್."

"ಭಾರ ತಡೀತದ? ನಮ್ಮಾಕಿ ಸ್ವಲ್ಪ ದಪ್ಪ ಅದಾಳ."

"ಎಲ್ಲಾ ತಡ್ಕೋತಾರೆ ಸಾರ್. ಎಷ್ಟು ಬಯ್ದ್ರೂ ಸುಮ್ನೆ ಇರ್ತಾರೆ."

ನಮ್ಮನೆಯವರು ಅಲ್ಲಿಗೆ ಹೋಗುವಷ್ಟರಲ್ಲಿ ಮಾಸ್ತರು ಬಾಲ್ಕನಿಯ ಹೂವಿನ ಕುಂಡಗಳನ್ನೆಲ್ಲ ಒಳಗಿಟ್ಟು, ಏಣಿ ಆನಿಸುವುದಕ್ಕೆ ಜಾಗ ಮಾಡಿದ್ದರು. ಲಿಫ್ಟು ಕೆಟ್ಟಿದ್ದರಿಂದ ಇವರು ಟೂಲ್ ಬ್ಯಾಗು ಹೊತ್ತು ನಾಲ್ಕು ಮಹಡಿ ಹತ್ತಿ, ಬೆಲ್ ಒತ್ತಿ, ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಯಾರ‍್ರಿ?"

"ನಾ... ನಿಚ್ಚಣಿಕಿ... ರಿ."

ಮಾಸ್ತರು ಇವರನ್ನು ಮೇಲಿಂದ ಕೆಳಗಿನ ತನಕ ನೋಡಿದರು. ಒಳಗಿನಿಂದ ಅವರ ಹೆಂಡತಿ ಕೂಗಿ ಕೇಳಿದರು, "ನಿಚ್ಚಣಿಕಿ ಬಂತೇನ್ರಿ?"

"ಬಂದದ," ಅಂದರು ಮಾಸ್ತರು. "ಆದ್ರ ಅದ ಮೆಟ್ಟಲಾ ಹತ್ತಿ ತೇಕಲಿಕ್ಕೆ ಹತ್ತೇದ."

ಲಿಫ್ಟು ಸರಿಹೋಯಿತು. ಅವರು ಸೀಮಂತಕ್ಕೂ ಹೋಗಿ ಬಂದರು.

ಬೋರ್ಡು

ನಾನು ಫಿಸಿಯೋಥೆರಪಿ ಮಾಡುವವಳು. ಬಿದ್ದವರು, ಸೊಂಟ ಹಿಡಿದುಕೊಂಡವರು, ಆಪರೇಷನ್ ಆಗಿ ನಡೆಯಲು ಕಲಿಯಬೇಕಾದವರು ನನ್ನ ಹತ್ತಿರ ಬರುತ್ತಾರೆ. ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ ಒಂದು ಸಣ್ಣ ಕ್ಲಿನಿಕ್ಕು. ಅದಕ್ಕೆ ನನ್ನ ಹೆಸರಿಡುವ ಬದಲು ಚೆನ್ನಾಗಿ ನೆನಪಿರುತ್ತದೆ ಅಂತ ಅಡ್ಡಹೆಸರನ್ನೇ ದೊಡ್ಡದಾಗಿ ಬರೆಸಿದ್ದೆವು.

ಒಂದು ಬೆಳಗ್ಗೆ ಹೊರಗೆ ಏನೋ ಗಲಾಟೆ. ಹೋಗಿ ನೋಡಿದರೆ ಒಬ್ಬ ವಯಸ್ಸಾದ ಹೆಂಗಸು ಆಟೋದಿಂದ ಅರ್ಧ ಇಳಿದು, ಕಾಲಿನ ಪಟ್ಟಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಿದ್ದರು. ದೀಪಾಂಜಲಿ ನಗರದಲ್ಲಿ ಮಗನ ಮನೆಯಲ್ಲಿದ್ದವರು, ಮೂಲ ಬಾಗಲಕೋಟೆಯ ಕಡೆಯವರು. ಮಗ ಪಕ್ಕದಲ್ಲಿ ನಿಂತು ಗೋಗರೆಯುತ್ತಿದ್ದ.

"ಏನಾಯ್ತಮ್ಮ?" ಅಂದೆ.

ಆಕೆ ಬೋರ್ಡು ತೋರಿಸಿದರು. "ಅಟ್ಟದ ಮ್ಯಾಲಿನ ಕೊಪ್ಪರಗಿ ತಗ್ಯಾಕ ಹೋಗಿ ನಿಚ್ಚಣಿಕಿಯಿಂದ ಬಿದ್ದು ಈ ಗತಿ ಆಗೇತಿ ನಂದು. ಇವ ನೋಡಿದ್ರ ಮತ್ತ ಅಲ್ಲಿಗೇ ಕರ‍್ಕೊಂಡು ಬಂದಾನ."

ಅದು ನಮ್ಮ ಅಡ್ಡಹೆಸರು ಅಂತ ಹೇಳಿ ಒಳಗೆ ಕರೆತರುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಆಮೇಲೆ ತಪ್ಪದೆ ಬಂದರು. ಹೇಳಿದ ವ್ಯಾಯಾಮವನ್ನೆಲ್ಲ ಬೈದುಕೊಂಡೇ ಮಾಡಿದರು. ಒಂದು ದಿನ ಕೋಲು ಬಿಟ್ಟು ಬಾಗಿಲ ತನಕ ನಡೆದಾಗ ಆಕೆಯ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲೂ ನೀರು. ಮಗ ನನಗೆ ಕೈ ಮುಗಿದ.

"ಇನ್ನು ಮೇಲೆ ಮಾತ್ರ ಏಣಿ ಹತ್ತಬೇಡಿ ಅಮ್ಮ," ಅಂದೆ.

ಆಕೆ ಮೆಟ್ಟಿಲಿಳಿದು, ತಿರುಗಿ ಬೋರ್ಡನ್ನು ನೋಡಿ, ಮಗನಿಗೆ ಹೇಳಿದ್ದು ನನಗೆ ಕೇಳಿಸಿತು. "ಶ್ಯಾಣ್ಯಾ ಅದಾಳೋ ಈಕಿ. ಒಳಗ ಹತ್ತಬ್ಯಾಡ ಅಂತಾಳ. ಹೊರಗ ಅದರದ ಬೋರ್ಡ್ ಹಾಕ್ಯಾಳ."

ನಾಲ್ಕನೆಯವರು

ನಿಚ್ಚಣಿಕಿಗಳು ಒಟ್ಟು ಎಷ್ಟು ಜನ ಅನ್ನುವುದು ನಮ್ಮನೆಯವರಿಗೆ ಸದಾ ಇದ್ದ ಚಿಂತೆ. ಊರಿನಲ್ಲಿ ಅವರ ಅಣ್ಣನ ಮನೆ ಒಂದಿದೆ. ಪುಣೆಯಲ್ಲಿ ಒಬ್ಬ ದಾಯಾದಿ ಇದ್ದ. ಅವನಿಗೆ ನಾಚಿಕೆಯಾಗಿ ಊರ ಹೆಸರಿಗೆ 'ಕರ' ಸೇರಿಸಿ ಅದನ್ನೇ ಇಟ್ಟುಕೊಂಡ. ನಮ್ಮನೆಯವರು ಮೊಬೈಲಿನಲ್ಲಿ ಹುಡುಕಿದರು, ಮದುವೆ ಮನೆಗಳಲ್ಲಿ ಗದಗದ ಕಡೆಯವರು ಯಾರು ಸಿಕ್ಕಿದರೂ ಕೇಳಿದರು. ಬೇರೆ ಯಾರೂ ಇರಲಿಲ್ಲ. ಬೆಂಗಳೂರಿಗೆಲ್ಲ ನಾವು ಮೂರೇ ಜನ ಅಂತ ತೀರ್ಮಾನವಾಯಿತು. ಪಾಪ, ಅದೊಂದು ಕೊರಗು ಅವರಿಗೆ. ನಮ್ಮ ಹೆಸರು ನಮ್ಮ ಮಗಳಿಗೇ ಮುಗಿಯಿತು ಅನ್ನುತ್ತಿದ್ದರು.

ಮಗಳು ಪಶುವೈದ್ಯೆಯಾಗಿ ನಾಗರಭಾವಿಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಪ್ರಾಣಿಗಳ ಹೆಸರಿನ ಜೊತೆಗೆ ಅವುಗಳ ಮನೆಯವರ ಅಡ್ಡಹೆಸರು ಸೇರಿಸಿ ಕರೆಯುವುದು ರೂಢಿ. ಒಂದು ಸಂಜೆ ನಾನು ಪೇಷೆಂಟಿನ ಕಾಲು ಹಿಡಿದುಕೊಂಡಿದ್ದಾಗ ಅವಳಿಂದ ಫೋನು. ದನಿ ಒಂದು ಥರ ಇತ್ತು.

"ಅಮ್ಮ, ಅಪ್ಪನಿಗೆ ಇಲ್ಲಿ ಯಾರಾದ್ರೂ ರಿಲೇಟಿವ್ಸ್ ಇದಾರಾ?"

"ಇಲ್ಲ ಕಣೇ. ಯಾಕೆ?"

"ಇಲ್ಲೊಬ್ರು ನಿಚ್ಚಣಿಕಿ ಬಂದಿದಾರೆ. ಈಗಷ್ಟೇ ಹೆಸರು ಕೂಗಿದ್ರು. ಮೋತಿ ನಿಚ್ಚಣಿಕಿ ಅಂತೆ. ಕಿವಿ ನೋವು."

"ಮೋತಿ ಅಂದ್ರೆ ನಾಯೀನಾ?"

"ಹೂಂ. ನಾಲ್ಕು ಜನ ಹಿಡ್ಕೊಂಡಿದಾರೆ. ಹತ್ರ ಹೋದ್ರೆ ಯಾಕೋ ಮೈಮೇಲೇ ಬರ್ತಾ ಇದೆ."

"ಹಾಗಾದ್ರೆ ನಿಮ್ಮಪ್ಪನ ಕಡೆಯವರೇ," ಅಂದೆ.

ಒಂದೇ ಅಡ್ಡಹೆಸರು

ಮೋತಿಯನ್ನು ಕರೆದುಕೊಂಡು ಬಂದಿದ್ದವನು ಕೆಂಗೇರಿಯ ಹುಡುಗ. ಅಲ್ಲಿನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾನೆ. ಅಪ್ಪ ಅಮ್ಮ ಇಬ್ಬರೂ ಹುಬ್ಬಳ್ಳಿಯಲ್ಲಿ, ಇಲ್ಲಿ ಅವನೂ ಅವನ ಅಜ್ಜಿಯೂ ಇರುವುದು. ಮೋತಿಯ ಕಿವಿ ಬೇಗ ವಾಸಿಯಾಯಿತು. ಆದರೂ ಅವನು ಪ್ರತಿ ಶನಿವಾರ ಆರೋಗ್ಯವಾಗಿದ್ದ ನಾಯಿಯನ್ನು ಕಟ್ಟಿಕೊಂಡು ನಾಗರಭಾವಿಗೆ ಬರುತ್ತಿದ್ದ. ಡಾಕ್ಟರೂ ಬರಬೇಡ ಅನ್ನಲಿಲ್ಲ.

ಕೊನೆಗೆ ಮಗಳು ಊಟದ ಹೊತ್ತಿನಲ್ಲಿ ವಿಷಯ ಹೇಳಿದಳು. ನಮ್ಮನೆಯವರಿಗೆ ಮೊದಲು ಖುಷಿಯೋ ಖುಷಿ. ಹುಡುಗ ಒಳ್ಳೆಯವನು, ನಮ್ಮ ಕಡೆಯವನು, ಇನ್ನೇನು ಬೇಕು ಅಂದರು. ಹಾಗೆ ಅನ್ನುತ್ತಲೇ ಮುಖ ಇಳಿಯಿತು. ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು.

"ಅಡ್ಡಹೆಸರು ಒಂದ ಆತಲ್ಲ," ಅಂದರು.

ಅವರ ಕಡೆ ಅದು ಸಣ್ಣ ವಿಷಯವಲ್ಲ. ಇಡೀ ನಾಡಿನಲ್ಲಿ ಹುಡುಕಿದರೂ ಸಿಗದ ಅಡ್ಡಹೆಸರು ಇಬ್ಬರಿಗೂ ಇದ್ದರೆ ಒಂದೇ ಮನೆತನದಿಂದ ಒಡೆದು ಹೋದವರೇ ಆಗಿರಬೇಕು. ಅಂದರೆ ಹುಡುಗ ಹುಡುಗಿ ಅಣ್ಣ ತಂಗಿ. ಊರಿನಲ್ಲಿದ್ದ ಭಾವನವರಿಗೆ ಫೋನ್ ಮಾಡಿದರು. ಅವರು ಕೇಳಿದ್ದೇ ತಡ, "ಅಣ್ಣತಮ್ಮಂದಿರ ಮನಿಯೊಳಗ ಎಲ್ಲಿದೋ ಬೀಗತನ?" ಅಂದು ಇಟ್ಟುಬಿಟ್ಟರು.

ಮಗಳು ಅಳಲಿಲ್ಲ, ಕೂಗಾಡಲಿಲ್ಲ. "ಅಪ್ಪ, ಅವನು ನಂಗೆ ಅಣ್ಣ ಆಗ್ಬೇಕು ಅಂತ ಗ್ಯಾರಂಟಿ ಆದ್ರೆ ನಾನೇ ಬಿಟ್ಬಿಡ್ತೀನಿ. ಆದ್ರೆ ಮೊದಲು ಗ್ಯಾರಂಟಿ ಮಾಡ್ಕೊಂಡು ಬನ್ನಿ," ಅಂದಳು. ಅಷ್ಟು ಹೇಳಿ ಊಟ ಅರ್ಧಕ್ಕೆ ಬಿಟ್ಟು ಎದ್ದಳು. ನಮ್ಮನೆಯವರು ಜೀವಮಾನವೆಲ್ಲ ಇನ್ನೊಬ್ಬ ನಿಚ್ಚಣಿಕಿಗಾಗಿ ಹುಡುಕಿದ್ದರು. ಸಿಕ್ಕಿದ ಮೇಲೆ, ಅವರು ಬೇರೆ ಮನೆತನದವರಾಗಿರಲಿ ದೇವರೇ ಅಂತ ಕೈ ಮುಗಿಯುತ್ತಿದ್ದರು.

ಒಂದು ಭಾನುವಾರ ಮೂವರೂ ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆವು.

ಅಜ್ಜಿ ಸಣ್ಣ ದೇಹದವರು, ಗಟ್ಟಿ ಗಂಟಲು. ಮಂಡಕ್ಕಿ, ಚಹಾ ಕೊಟ್ಟು ಎದುರಿಗೆ ಕೂತರು. ಅವರಿಗೂ ಇದೇ ಆತಂಕವಂತೆ. ಮೊಮ್ಮಗ ಊಟ ಬಿಟ್ಟಿದ್ದಾನೆ ಅಂತ ನನ್ನ ಹತ್ತಿರ ಮೆಲ್ಲಗೆ ಹೇಳಿದರು. ಆಮೇಲೆ ನಮ್ಮನೆಯವರ ಕಡೆ ತಿರುಗಿದರು.

"ನಿಮಗ ಈ ಹೆಸರು ಹೆಂಗ ಬಂತಪಾ?"

ನಮ್ಮನೆಯವರು ಗಂಟಲು ಸರಿಮಾಡಿಕೊಂಡರು. ಈ ಕತೆ ಹೇಳಲು ಅವರಿಗೆ ಯಾವಾಗಲೂ ಹೆಮ್ಮೆ. ಅವರ ಮುತ್ತಜ್ಜನ ಮನೆಯಲ್ಲಿ ಒಂದು ದೊಡ್ಡ ಬಿದಿರಿನ ನಿಚ್ಚಣಿಕಿ ಇತ್ತಂತೆ. ಊರಿಗೆಲ್ಲ ಅದೊಂದೇ. ಗೋಡೆಗೆ ಸುಣ್ಣ ಬಳಿಯಬೇಕಾದರೂ ಗುಡಿಗೆ ತೋರಣ ಕಟ್ಟಬೇಕಾದರೂ ಜನ ಇವರ ಬಾಗಿಲಿಗೇ ಬರಬೇಕಿತ್ತು. ಹಾಗಾಗಿ ನಿಚ್ಚಣಿಕಿಯವರ ಮನೆ ಅಂತ ಹೆಸರಾಯಿತು.

ಅಜ್ಜಿ ಚಹಾದ ಬಸಿ ಕೆಳಗಿಟ್ಟರು. "ನಿಮ್ಮೂರು ಹಳ್ಳದ ದಂಡಿ ಮ್ಯಾಲ ಐತೇನು?"

"ಹೌದ್ರಿ. ಆಚೀ ದಂಡಿಗೆ ಇನ್ನೊಂದು ಊರೈತ್ರಿ."

"ಆ ಊರು ನಮ್ಮದು," ಅಂದರು ಅಜ್ಜಿ. "ಆ ನಿಚ್ಚಣಿಕಿ ಮ್ಯಾಲಿನ ಮೆಟ್ಟಿಗೆ ಹಗ್ಗ ಸುತ್ತಿತ್ತೇನು?"

ನಮ್ಮನೆಯವರು ತಬ್ಬಿಬ್ಬಾದರು. "ಹೌದ್ರಿ. ಮುರುದಿತ್ತಂತ. ನಿಮಗ ಹೆಂಗ ಗೊತ್ತು?"

"ಅದನ್ನ ಸುತ್ತಿದಾಂವ ನನ್ನ ಗಂಡನ ಅಜ್ಜ. ನಿಮ್ಮ ಕಡ್ಯಾರು ಮದುವಿ ಹಂದರಕ್ಕ ಬೇಕು, ನಾಳೆ ತಂದು ಕೊಡ್ತೀವಿ ಅಂತ ಒಯ್ದಾರ. ಆ ನಾಳೆ ಇನ್ನೂ ಬಂದಿಲ್ಲ. ಊರ ಮಂದಿ ಹಾದಿಬೀದ್ಯಾಗ ನಿಮ್ಮ ನಿಚ್ಚಣಿಕಿ ಬಂತೇನು, ನಿಚ್ಚಣಿಕಿ ಬಂತೇನು ಅಂತ ಕೇಳಿ ಕೇಳಿ ನಮಗ ಅದ ಹೆಸರು ಬಿತ್ತು. ಸಾಕಾಗಿ ಊರು ಬಿಟ್ಟು ಹುಬ್ಬಳ್ಳಿಗೆ ಬಂದ್ವಿ."

ಮೊದಲು ಅರ್ಥವಾದದ್ದು ಮಗಳಿಗೆ. "ಹಾಗಾದ್ರೆ," ಅಂದಳು, "ಇದ್ದಿದ್ದು ಒಂದೇ ಏಣಿ. ಅದು ಇದ್ದೋರು ಬೇರೆ, ತಗೊಂಡು ಹೋದೋರು ಬೇರೆ. ಎರಡು ಮನೆಗೂ ಸಂಬಂಧಾನೇ ಇಲ್ಲ."

ಮುತ್ತಜ್ಜ ಏಣಿ ಎತ್ತಿಕೊಂಡು ಬಂದವನು ಅಂತ ತಿಳಿದು ಅಷ್ಟು ಸಂತೋಷಪಟ್ಟ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ನಮ್ಮನೆಯವರ ಮುಖದಲ್ಲಿ ಬೆಳಕು ಬಂತು. ಅಲ್ಲೇ ಅಣ್ಣನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದರು.

"ಅಣ್ಣಾ, ಖರೇ ಹೇಳು. ನಮ್ಮ ಮುತ್ಯಾ ನಿಚ್ಚಣಿಕಿ ಕದ್ದಿದ್ದೇನು?"

ಭಾವನವರಿಗೆ ಸಿಟ್ಟು ಬಂತು. "ಯಾವಾಂವ ಅಂದಾಂವ? ಕದ್ದಿಲ್ಲ. ಹಳ್ಳದ ಆಚೆಯವರ ಕಡೆ ಕೇಳಿ ತಂದದ್ದು. ಕೊಡೂದು ಮರತದ್ದು."

"ಕೇಳಿ ತಂದದ್ದಂದ್ರ ಮಂದಿ ಬಳಗದವರ ಕಡೆ ತಂದಾರ ಅಂತಾರ, ಕದ್ದದ್ದ ಅನ್ನು ಅಣ್ಣಾ. ನಿನ್ನ ಕೈ ಮುಗೀತೀನಿ. ಹುಡುಗಿ ಲಗ್ನ ಆಗಬೇಕಾಗೇತಿ."

ಮನೆತನದ ಮರ್ಯಾದೆ ಒಂದು ಕಡೆ, ಕೈಯಲ್ಲಿ ಎತ್ತಿ ಆಡಿಸಿದ ತಮ್ಮನ ಮಗಳು ಇನ್ನೊಂದು ಕಡೆ. ಕೊನೆಗೆ ಭಾವನವರು ಕೆಮ್ಮಿದರು.

"ಹಂಗಂದ್ರ ಕದ್ದದ್ದ ಅನ್ನು. ನಮ್ಮ ಮುತ್ಯಾ ಏನ್ ಈಗ ಎದ್ದು ಬರಾಂವಲ್ಲ."

ಹುಡುಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವನು ಅಲ್ಲೇ ಗೋಡೆಗೆ ಒರಗಿ ಕೂತ. ಮಗಳು ತಟ್ಟೆಯಲ್ಲಿದ್ದ ಮಂಡಕ್ಕಿಯನ್ನು ತನ್ನ ಕಡೆ ಎಳೆದುಕೊಂಡು ಗಬಗಬ ತಿನ್ನತೊಡಗಿದಳು. ಎಷ್ಟೋ ದಿನಗಳ ಮೇಲೆ ಅವಳು ಹಾಗೆ ತಿಂದದ್ದು. ನಾನು ನನ್ನ ತಟ್ಟೆಯನ್ನೂ ಅವಳ ಕಡೆ ಸರಿಸಿದೆ. ಮದುವೆಯಾದರೂ ಆಧಾರು, ಪ್ಯಾನು, ಪಾಸ್‌ಪೋರ್ಟು ಯಾವುದರಲ್ಲೂ ಹೆಸರು ಬದಲಾಯಿಸಬೇಕಾಗಿಲ್ಲ ಅಂತ ಹುಡುಗ ಮೆಲ್ಲಗೆ ಹೇಳಿದ. ಎಲ್ಲರೂ ನಕ್ಕೆವು.

ಅಜ್ಜಿ ಮಾತ್ರ ನಗಲಿಲ್ಲ. "ನಮಗ ವರದಕ್ಷಿಣಿ ಬ್ಯಾಡ, ಬಂಗಾರ ಬ್ಯಾಡ. ನಿಚ್ಚಣಿಕಿ ಅಷ್ಟ ತಂದು ಕೊಡ್ರಿ," ಅಂದರು.

ಆ ಏಣಿ ನಮ್ಮತ್ತೆಯವರ ಕಾಲದಲ್ಲೇ ಸ್ನಾನದ ನೀರಿನ ಒಲೆಗೆ ಹೋಗಿತ್ತು. ಅದನ್ನು ಹೇಳುವ ಧೈರ್ಯ ನಮ್ಮನೆಯವರಿಗೆ ಬರಲಿಲ್ಲ.

ಮದುವೆ ಚೆನ್ನಾಗಿ ಆಯಿತು. ಮಗಳನ್ನು ಮನೆ ತುಂಬಿಸುವ ದಿನ ನಮ್ಮನೆಯವರು ವಿಜಯನಗರದ ಹಾರ್ಡ್‌ವೇರ್ ಅಂಗಡಿಯಿಂದ ಹೊಸ ಅಲ್ಯೂಮಿನಿಯಂ ಏಣಿಯೊಂದನ್ನು ತಂದು, ಅರಿಶಿನ ಕುಂಕುಮ ಹಚ್ಚಿ, ಮಾವಿನೆಲೆ ಕಟ್ಟಿ, ಟೆಂಪೋದಲ್ಲಿ ಹಾಕಿಕೊಂಡು ಕೆಂಗೇರಿಗೆ ಬಂದರು. ಮುಂದೆ ಮದುಮಗಳು, ಹಿಂದೆ ಏಣಿ ಹೊತ್ತ ಅವಳ ಅಪ್ಪ. ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಭಾವನವರು ಗದಗದಿಂದ ಬಂದಿದ್ದವರು, ಇದೆಲ್ಲ ತಮಗೆ ಸಂಬಂಧವೇ ಇಲ್ಲ ಅನ್ನುವ ಹಾಗೆ ಆಕಾಶ ನೋಡುತ್ತ ನಿಂತಿದ್ದರು.

ಅಜ್ಜಿ ಮೊಮ್ಮಗನ ಹೆಂಡತಿಗೆ ಆರತಿ ಎತ್ತಿದರು. ಆಮೇಲೆ ಏಣಿಗೂ ಎತ್ತಿದರು. ಅದನ್ನು ಗೋಡೆಗೆ ಆನಿಸಿ, ಒಂದೊಂದು ಮೆಟ್ಟನ್ನೂ ಕೈಯಿಂದ ಅಲುಗಿಸಿ ನೋಡಿದರು. ಗಟ್ಟಿಯಿತ್ತು. ತಲೆಯಾಡಿಸಿದರು. ನಮ್ಮನೆಯವರು ಹೆಗಲು ತಿಕ್ಕಿಕೊಳ್ಳುತ್ತ, ಮನೆತನದ ಭಾರವೇ ಇಳಿಯಿತು ಅನ್ನುವ ಹಾಗೆ ನಿಂತಿದ್ದರು.

"ಛಲೋ ಐತಿ," ಅಂದರು ಅಜ್ಜಿ. "ಇಷ್ಟು ದಿನ ಇಟ್ಕೊಂಡಿದ್ದಕ್ಕ ಬಡ್ಡಿ ಅಂತ ಇದನ್ನ ಇಟ್ಕೋತೀನಿ. ನಮ್ಮ ನಿಚ್ಚಣಿಕಿ ಯಾವಾಗ ತಂದು ಕೊಡ್ತೀರಿ?"